ಮೆಡಿಕಲ್ ಬೋರ್ಡ್ ಶೇ. 7 ಅಂತ ಬರೆದರೆ ಅದೇ ಕೊನೆಯ ಮಾತಾ? ತೋಟದ ಅಪಘಾತದ ಪರಿಹಾರದ ಬಗ್ಗೆ

ಮೆಣಸುಬಳ್ಳಿ, ಸಿದ್ದಾಪುರ

ನಮ್ಮ ಭಾವ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ. 2025ರ ಮೆಣಸು ಕುಯ್ಲಿನಲ್ಲಿ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿ ಜಾರಿತು. ಮೇಲಿಂದ ನೇರವಾಗಿ ಎಡಗಾಲಿನ ಮೇಲೆ ಬಿದ್ದರು. ಹಿಮ್ಮಡಿ ಮೂಳೆ ಪುಡಿ ಆಗಿತ್ತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ದಾರೆ. ಆಗ ಅವರಿಗೆ 40 ವರ್ಷ, ತಿಂಗಳಿಗೆ 12,000 ರೂಪಾಯಿ ಸಂಬಳ.

ಪರಿಹಾರದ ಕೇಸು ಕಮಿಷನರ್ ಮುಂದೆ ಇದೆ, ಅಂದರೆ ಕಾರ್ಮಿಕರ ಪರಿಹಾರ ತೀರ್ಮಾನಿಸುವ ಅಧಿಕಾರಿ. ಆಪರೇಷನ್ ಮಾಡಿದ ಡಾಕ್ಟರು ದುಡಿಯುವ ಶಕ್ತಿ ಶೇ. 40 ಹೋಗಿದೆ ಅಂತ ಬರೆದುಕೊಟ್ಟರು. ಇನ್ಶೂರೆನ್ಸ್‌ನವರು ಒಪ್ಪಲಿಲ್ಲ. ಕಮಿಷನರ್ ಮೆಡಿಕಲ್ ಬೋರ್ಡ್‌ಗೆ ಕಳಿಸಿದರು. ಅಲ್ಲಿಂದ ಬಂದದ್ದು ಒಂದೇ ಸಾಲು: ಎಡಗಾಲಿಗೆ ಶೇ. 20, ಇಡೀ ದೇಹಕ್ಕೆ ಶೇ. 7. ಯಾಕೆ, ಹೇಗೆ ಅಂತ ಏನೂ ಇಲ್ಲ.

ಭಾವನಿಗೆ ಈಗ ಏಣಿ ಹತ್ತಲು ಆಗುವುದಿಲ್ಲ. ತೋಟದ ಇಳಿಜಾರಿನಲ್ಲಿ ಗೊಬ್ಬರದ ಚೀಲ ಹೊರಲೂ ಆಗುವುದಿಲ್ಲ. ಮೂವರು ಡಾಕ್ಟರು ಸೇರಿ ಬರೆದದ್ದನ್ನು ಯಾವ ಕೋರ್ಟೂ ಮುಟ್ಟುವುದಿಲ್ಲ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ನಿಜವಾ?

ಚೆಕ್‌ರೋಲ್ ರೈಟರ್, ಪಾಲಿಬೆಟ್ಟ

ಮೊದಲು ಒಂದು ವಿಷಯ ಹೇಳಿ. ಭಾವನ ಹೆಸರು ತೋಟದ ಚೆಕ್‌ರೋಲ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ ಇತ್ತಾ, ಇಲ್ಲ ಮೆಣಸು ಕಂಟ್ರಾಕ್ಟ್ ಹಿಡಿದವನ ಕಡೆಯಿಂದ ಬಂದವರಾ? ಈಗ ಅರ್ಧಕ್ಕರ್ಧ ತೋಟಗಳಲ್ಲಿ ಮೆಣಸು ಕುಯ್ಯುವುದು ಕಂಟ್ರಾಕ್ಟ್‌ನವರೇ. ಬಿದ್ದ ದಿನ ‘ಇವನು ನಮ್ಮ ಆಳಲ್ಲ’ ಅನ್ನುವ ಮಾತು ಶುರುವಾಗುತ್ತದೆ.

ಮೆಣಸುಬಳ್ಳಿ, ಸಿದ್ದಾಪುರ

ಚೆಕ್‌ರೋಲ್‌ನಲ್ಲೇ ಇದ್ದರು. ಲೈನ್ ಮನೆಯಲ್ಲೇ ವಾಸ. ಅದರ ಬಗ್ಗೆ ತಕರಾರು ಇಲ್ಲ. ಜಗಳ ಇರುವುದು ಶೇಕಡಾ ಎಷ್ಟು ಅನ್ನುವುದರ ಮೇಲೆ ಮಾತ್ರ.

ಕೋರ್ಟ್ ಮೆಟ್ಟಿಲು, ವಿರಾಜಪೇಟೆ

ನಾನು ವಕೀಲ. ಇಂಥ ಕೇಸುಗಳನ್ನು ಎರಡೂ ಕಡೆಯಿಂದ ನಡೆಸಿದ್ದೇನೆ. ಊರಲ್ಲಿ ಹೇಳುವ ಮಾತು ನಿಮ್ಮ ಭಾವನ ಕೇಸಿಗೆ ಅನ್ವಯಿಸುವುದಿಲ್ಲ.

ಅಪಘಾತ 2025ರ ಮೊದಲ ಭಾಗದಲ್ಲಿ ಆಗಿದೆ. ಹಾಗಾಗಿ 1923ರ ನೌಕರರ ಪರಿಹಾರ ಕಾಯ್ದೆಯೇ ನಿಮಗೆ ಆಧಾರ. 2025ರ ನವೆಂಬರ್ 21ರಿಂದ ಅದರ ಬದಲು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಆದರೆ ಹಕ್ಕು ಹುಟ್ಟುವುದು ಅಪಘಾತದ ದಿನ. ಈ ಹಳೆ ಕಾಯ್ದೆಯಲ್ಲಿ ಮೆಡಿಕಲ್ ಬೋರ್ಡ್‌ಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ತೀರ್ಮಾನ ಮಾಡುವವರು ಕಮಿಷನರ್. ಬೋರ್ಡ್ ಕಳಿಸಿದ ಕಾಗದ ಬರೀ ಒಂದು ಸಾಕ್ಷ್ಯ. ನಿಮ್ಮ ಡಾಕ್ಟರ ಸರ್ಟಿಫಿಕೇಟ್ ಕೂಡ ಸಾಕ್ಷ್ಯವೇ. ಯಾವುದಕ್ಕೆ ತೂಕ ಜಾಸ್ತಿ ಅಂತ ಕಮಿಷನರ್ ಕಾರಣ ಕೊಟ್ಟು ಹೇಳಬೇಕು.

ಇಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೆಲವು ಗಾಯಗಳಿಗೆ ಶೇಕಡಾವಾರು ಬರೆದೇ ಇಟ್ಟಿದ್ದಾರೆ. ಹೆಬ್ಬೆರಳು ಪೂರ್ತಿ ಹೋದರೆ 30, ತೋರುಬೆರಳು ಪೂರ್ತಿ ಹೋದರೆ 14, ಹೀಗೆ. ಹಿಮ್ಮಡಿ ಮೂಳೆ ಮುರಿದದ್ದು ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ ಸೆಕ್ಷನ್ 4(1)(ಸಿ)(ii) ಅನ್ವಯಿಸುತ್ತದೆ. ಅರ್ಹ ಡಾಕ್ಟರು ‘ಗಳಿಕೆಯ ಸಾಮರ್ಥ್ಯ’ ಎಷ್ಟು ಹೋಗಿದೆ ಅಂತ ಅಂದಾಜು ಮಾಡಬೇಕು ಅನ್ನುತ್ತದೆ ಅದು. ಕಾಲು ಎಷ್ಟು ಬಗ್ಗುತ್ತದೆ ಅಂತ ಅಲ್ಲ. ಈ ಮನುಷ್ಯ ಇನ್ನು ಎಷ್ಟು ದುಡಿಯಬಲ್ಲ ಅಂತ.

ನಿಮ್ಮ ಬೋರ್ಡ್ ಬರೆದದ್ದು ದೇಹದ ಊನದ ಲೆಕ್ಕ. ಕಾಲಿಗೆ 20, ಅದರ ಮೂರನೇ ಒಂದು ಭಾಗ ಇಡೀ ದೇಹಕ್ಕೆ. ಈ ಮೂರರಲ್ಲಿ ಒಂದು ಅನ್ನುವ ರೂಢಿ ನಮ್ಮ ರಾಜ್ಯದ ವಾಹನ ಅಪಘಾತದ ಕೇಸುಗಳಲ್ಲಿ ಜಾಸ್ತಿ ಇದೆ. ಅಂದರೆ ಬೋರ್ಡ್ ಉತ್ತರ ಕೊಟ್ಟಿದೆ, ಆದರೆ ಕಾಯ್ದೆ ಕೇಳಿದ ಪ್ರಶ್ನೆಗಲ್ಲ. ನೀವು ಹಿಡಿಯಬೇಕಾದ ಎಳೆ ಇದೇ. ‘7 ಕಮ್ಮಿ ಆಯಿತು’ ಅಂತ ಕೂಗಿದರೆ ಯಾರೂ ಕೇಳುವುದಿಲ್ಲ.

ಮೆಣಸುಬಳ್ಳಿ, ಸಿದ್ದಾಪುರ

ದುಡ್ಡಿನಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ?

ಕೋರ್ಟ್ ಮೆಟ್ಟಿಲು, ವಿರಾಜಪೇಟೆ

ಸಂಬಳ 12,000. ಅದರ ಶೇ. 60 ಅಂದರೆ 7,200. ವಯಸ್ಸು 40 ಆದರೆ ನಾಲ್ಕನೇ ಅನುಸೂಚಿಯ ಗುಣಕ 184.17. ಗುಣಿಸಿದರೆ 13,26,024 ರೂಪಾಯಿ. ಪೂರ್ತಿ ಅಶಕ್ತರಾದವರಿಗೆ ಬರುವ ಮೊತ್ತ ಅದು. ಅದರಲ್ಲಿ ಶೇ. 7 ಅಂದರೆ ಸುಮಾರು 92,800. ಶೇ. 40 ಅಂದರೆ ಸುಮಾರು 5,30,400. ಇದರ ಮೇಲೆ ವರ್ಷಕ್ಕೆ ಶೇ. 12 ಬಡ್ಡಿ. ಇನ್ನೊಂದು ಮಾತು, ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ 2020ರ ಜನವರಿಯಿಂದ 15,000ದ ಮಿತಿ ಇದೆ. ನಿಮ್ಮ ಭಾವನಿಗೆ ಅದು ಅಡ್ಡ ಬರುವುದಿಲ್ಲ.

ಹತ್ತು ಎಕರೆ, ಸೋಮವಾರಪೇಟೆ

ಎಲ್ಲರೂ ಕಾರ್ಮಿಕರ ಕಡೆಯೇ ಮಾತಾಡುತ್ತಿದ್ದೀರಿ. ನಾನು ಸಣ್ಣ ಬೆಳೆಗಾರ. ಸರ್ಟಿಫಿಕೇಟ್ ಬರೆದುಕೊಡುವುದಕ್ಕೆಂದೇ ಕೂತ ಡಾಕ್ಟರುಗಳೂ ಇದ್ದಾರೆ. ಒಂದು ಬೆರಳು ಉಳುಕಿದರೆ ಶೇ. 30 ಅಂತ ಬರೆಯುತ್ತಾರೆ. ಚಿಕಿತ್ಸೆ ಮಾಡಿದವರೂ ಅಲ್ಲ, ಒಮ್ಮೆ ನೋಡಿ ಬರೆದವರು. ಬೋರ್ಡ್ ಬೇಡ ಅಂದರೆ ನಾವು ಯಾರನ್ನು ನಂಬಬೇಕು?

ಕೋರ್ಟ್ ಮೆಟ್ಟಿಲು, ವಿರಾಜಪೇಟೆ

ನೀವು ಹೇಳಿದ್ದು ಸುಮ್ನೆ ತಳ್ಳಿಹಾಕುವ ಮಾತಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಅನ್ನುವ 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದೇ ಎಚ್ಚರಿಕೆ ಕೊಟ್ಟಿದೆ. ವಾಹನ ಅಪಘಾತದ ಕೇಸು ಅದು. ಕೇಳಿದಂತೆ ಬರೆದುಕೊಡುವ ಡಾಕ್ಟರ ಮಾತನ್ನು ಕಣ್ಣು ಮುಚ್ಚಿ ಒಪ್ಪಬೇಡಿ, ಸಂಶಯ ಬಂದರೆ ಮೆಡಿಕಲ್ ಬೋರ್ಡ್‌ಗೆ ಕಳಿಸಿ ಅಂದಿದೆ. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳುತ್ತದೆ. ಎಡಗೈ ಹೋದ ಡ್ರೈವರ್ ಅಥವಾ ಬಡಗಿಗೆ ನಷ್ಟ ಹೆಚ್ಚುಕಡಿಮೆ ಪೂರ್ತಿ. ಅದೇ ಗಾಯ ಆದ ಸರ್ಕಾರಿ ಗುಮಾಸ್ತನ ಕೆಲಸ ಹೋಗದೇ ಇರಬಹುದು. ಬೋರ್ಡ್‌ಗೆ ಕಳಿಸುವುದು ತಪ್ಪಲ್ಲ. ಬೋರ್ಡ್ ಹೇಳಿದ ಅಂಕಿಯನ್ನು ಕೆಲಸ ಏನು ಅಂತ ನೋಡದೆ ಎತ್ತಿ ಬರೆಯುವುದು ತಪ್ಪು.

2007ರ ಮುಬಾಸಿರ್ ಅಹ್ಮದ್ ಕೇಸಿನಲ್ಲೂ ಗಳಿಕೆಯ ನಷ್ಟ ಬೇರೆ, ದೇಹದ ಊನ ಬೇರೆ ಅಂತ ಹೇಳಿದ್ದಾರೆ. ಆ ಕೇಸಿನಲ್ಲಿ ಆ ವಾದ ಉಪಯೋಗಕ್ಕೆ ಬಂದದ್ದು ಇನ್ಶೂರೆನ್ಸ್ ಕಂಪನಿಗೆ. ಹಾಗಾಗಿ ಈ ಕತ್ತಿಗೆ ಎರಡೂ ಕಡೆ ಅಲಗು.

ಮೂಳೆ ವಿಭಾಗ, ಮಡಿಕೇರಿ

ನಾನು ಮೂಳೆ ಡಾಕ್ಟರು. ಬೋರ್ಡ್‌ಗಳಲ್ಲೂ ಕೂತಿದ್ದೇನೆ. ಒಳಗಿನ ಕಥೆ ಸ್ವಲ್ಪ ಹೇಳುತ್ತೇನೆ.

ನಮ್ಮ ಮುಂದೆ ಬರುವ ಕಾಗದದಲ್ಲಿ ‘ಊನದ ಪ್ರಮಾಣ ತಿಳಿಸಿ’ ಅಂತ ಇರುತ್ತದೆ. ಅಷ್ಟೇ. ಈ ಮನುಷ್ಯ ಏನು ಕೆಲಸ ಮಾಡುತ್ತಿದ್ದ ಅಂತ ಯಾರೂ ಬರೆದಿರುವುದಿಲ್ಲ. ನಾವು ಅಂಗವಿಕಲರ ಪ್ರಮಾಣಪತ್ರಕ್ಕೆ ಬಳಸುವ ಸರ್ಕಾರಿ ಮಾರ್ಗಸೂಚಿ ಹಿಡಿದು ಅಳೆಯುತ್ತೇವೆ. ಆ ಮಾರ್ಗಸೂಚಿ ಇರುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಗಾಗಿ. ಪಿಂಚಣಿ, ಮೀಸಲಾತಿ, ಬಸ್ ಪಾಸ್ ಇಂಥವಕ್ಕೆ. ಅದರಲ್ಲಿ ದುಡಿಮೆಯ ಪ್ರಶ್ನೆಯೇ ಬರುವುದಿಲ್ಲ.

ಈಗ ಹಿಮ್ಮಡಿಯ ವಿಷಯ. ಪಾದಕ್ಕೆ ಎರಡು ದೊಡ್ಡ ಚಲನೆ ಇದೆ. ಮೇಲೆ ಕೆಳಗೆ ಆಡುವುದು ಕಣಕಾಲಿನ ಕೀಲಿನಿಂದ. ಒಳಗೆ ಹೊರಗೆ ವಾಲುವುದು ಅದರ ಕೆಳಗಿರುವ ಸಬ್‌ಟಾಲಾರ್ ಕೀಲಿನಿಂದ. ಹಿಮ್ಮಡಿ ಮೂಳೆ ಪುಡಿಯಾದಾಗ ಹಾಳಾಗುವುದು ಜಾಸ್ತಿ ಈ ಎರಡನೆಯದು. ನಮ್ಮ ಕೋಣೆಯ ಟೈಲ್ಸ್ ನೆಲದ ಮೇಲೆ ನಡೆಸಿ ನೋಡಿದರೆ ಸ್ವಲ್ಪ ಕುಂಟು ಅಷ್ಟೇ ಕಾಣುತ್ತದೆ. ಸಮತಟ್ಟಾದ ಜಾಗದಲ್ಲಿ ಆ ಕೀಲಿಗೆ ಕೆಲಸವೇ ಕಮ್ಮಿ. ಓರೆ ನೆಲದಲ್ಲಿ, ಕಲ್ಲು ಬೇರು ಇರುವ ಕಡೆ, ಮಳೆಗಾಲದಲ್ಲಿ ಜಾರುವ ಮಣ್ಣಿನಲ್ಲಿ ಪಾದ ನೆಲಕ್ಕೆ ಹೊಂದಿಕೊಳ್ಳುವುದು ಆ ಕೀಲಿನಿಂದಲೇ. ಏಣಿಯ ಮೆಟ್ಟಿಲಿನ ಮೇಲೆ ನಿಂತಾಗಲೂ ಅಷ್ಟೆ. ಕೊಡಗಿನಲ್ಲಿ ಸಮತಟ್ಟಾದ ತೋಟ ಎಷ್ಟಿದೆ ಹೇಳಿ!

ಒಬ್ಬ ಅಂಗಡಿಯವನಿಗೂ ಮರ ಹತ್ತಿ ಕೊಂಬೆ ಕಡಿಯುವ ಒಬ್ಬ ಮರಗಸಿ ಮಾಡುವವನಿಗೂ ಒಂದೇ ಗಾಯ ಆದರೆ ನಾನು ಬರೆಯುವ ಊನದ ಅಂಕಿ ಒಂದೇ. ಆದರೆ ಅವರ ನಷ್ಟ ಒಂದೇ ಅಲ್ಲ. ಯಾರಾದರೂ ನನ್ನನ್ನು ಸಾಕ್ಷಿಗೆ ಕರೆದು ‘ಈ ಕಾಲಿನಲ್ಲಿ ಇವರು ಏಣಿ ಹತ್ತಬಹುದಾ’ ಅಂತ ಕೇಳಿದರೆ ಖಂಡಿತ ಇಲ್ಲ ಅನ್ನುತ್ತೇನೆ. ಕೇಳುವವರೇ ಕಮ್ಮಿ.

ಮೆಣಸುಬಳ್ಳಿ, ಸಿದ್ದಾಪುರ

ಡಾಕ್ಟ್ರೇ, ನೀವು ಹೇಳಿದ್ದು ಓದಿ ಭಾವನಿಗೆ ತೋರಿಸಿದೆ. ‘ಸೈಡಿಗೆ ವಾಲಿದಾಗ ಚಾಕು ಹಾಕಿದ ಹಾಗೆ ನೋವು’ ಅಂತ ಬೋರ್ಡ್‌ನಲ್ಲಿ ಹೇಳಿದ್ದರಂತೆ. ಯಾರೂ ಬರೆದುಕೊಳ್ಳಲಿಲ್ಲ. ಎಕ್ಸ್‌ರೇ ಕವರ್ ಕೂಡ ತೆಗೆದು ನೋಡಲಿಲ್ಲ ಅನ್ನುತ್ತಾರೆ.

ಕೋರ್ಟ್ ಮೆಟ್ಟಿಲು, ವಿರಾಜಪೇಟೆ

ಹಾಗಿದ್ದರೆ ಬೋರ್ಡ್‌ನ ಒಬ್ಬ ಡಾಕ್ಟರನ್ನು ಪಾಟೀ ಸವಾಲಿಗೆ ಕರೆಸಲು ಈಗಲೇ ಅರ್ಜಿ ಹಾಕಿ. ಎಕ್ಸ್‌ರೇ, ಸಿಟಿ ಸ್ಕ್ಯಾನ್, ಆಪರೇಷನ್ ನೋಟ್ ಎಲ್ಲ ದಾಖಲೆಗೆ ಸೇರಿಸಿ. ಚಿಕಿತ್ಸೆ ಮಾಡಿದ ಡಾಕ್ಟರೂ ಸಾಕ್ಷಿ ಹೇಳಬೇಕು. ಬರೀ ಸರ್ಟಿಫಿಕೇಟ್ ಇಟ್ಟು ಕೂತರೆ ಅದಕ್ಕೆ ಬೆಲೆ ಕಮ್ಮಿ. ತೋಟದ ಕೆಲಸ ಏನೇನು ಅಂತ ಭಾವನೇ ತಮ್ಮ ಮಾತಿನಲ್ಲಿ ಹೇಳಲಿ. ಜೊತೆ ಕೆಲಸಗಾರ ಒಬ್ಬರು ಹೇಳಿದರೆ ಇನ್ನೂ ಒಳ್ಳೆಯದು.

ಈಗಲೇ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮುಂದಿನ ಬಾಗಿಲು ಬಹಳ ಕಿರಿದು. ಸೆಕ್ಷನ್ 30ರ ಕೆಳಗೆ 60 ದಿನದಲ್ಲಿ ಹೈಕೋರ್ಟ್‌ಗೆ ಹೋಗಬಹುದು. ನಮ್ಮ ಜಿಲ್ಲೆಯವರಿಗೆ ಅದು ಬೆಂಗಳೂರು. ಆದರೆ ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ. ಶೇ. 7 ಸರಿಯಾ ಶೇ. 40 ಸರಿಯಾ ಅನ್ನುವುದು ವಾಸ್ತವದ ಪ್ರಶ್ನೆ. ಗೊಲ್ಲ ರಾಜಣ್ಣ ಕೇಸು ಕರ್ನಾಟಕದಿಂದಲೇ ಹೋದದ್ದು. ಕಮಿಷನರ್ ಹೇಳಿದ ಶೇಕಡಾವಾರನ್ನು ಹೈಕೋರ್ಟ್ ತಾನೇ ಸಾಕ್ಷ್ಯ ತೂಗಿ ಬದಲಿಸಿತ್ತು. ವಾಸ್ತವದ ವಿಷಯದಲ್ಲಿ ಕಮಿಷನರೇ ಕೊನೆ, ನೀವು ಕೈ ಹಾಕಬಾರದಿತ್ತು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು.

ಅಂದರೆ ಕಮಿಷನರ್ ಶೇ. 7 ಅಂತ ಕಾರಣ ಸಹಿತ ಬರೆದುಬಿಟ್ಟರೆ ಅಲ್ಲಾಡಿಸುವುದು ಕಷ್ಟ. ಕಾನೂನಿನ ಪ್ರಶ್ನೆ ಆಗಬೇಕಾದರೆ, ತಪ್ಪು ಅಳತೆಗೋಲು ಬಳಸಿದ್ದಾರೆ, ಇರುವ ಸಾಕ್ಷ್ಯವನ್ನು ನೋಡಲೇ ಇಲ್ಲ, ಸಾಕ್ಷ್ಯವೇ ಇಲ್ಲದೆ ತೀರ್ಮಾನಿಸಿದ್ದಾರೆ, ಪಾಟೀ ಸವಾಲಿಗೆ ಅವಕಾಶ ಕೊಡಲಿಲ್ಲ, ಇಂಥದ್ದು ತೋರಿಸಬೇಕು. ಬೋರ್ಡ್ ಡಾಕ್ಟರನ್ನು ಕರೆಸಿ ಅಂತ ನೀವು ಕೇಳಿಯೇ ಇಲ್ಲದಿದ್ದರೆ ಕೊನೆಯದನ್ನು ಹೇಳಲೂ ಆಗುವುದಿಲ್ಲ.

ಹತ್ತು ಎಕರೆ, ಸೋಮವಾರಪೇಟೆ

ಮಾಲೀಕ ಅಪೀಲು ಹೋಗಬೇಕಾದರೆ ಪೂರ್ತಿ ಹಣ ಮೊದಲು ಕಟ್ಟಬೇಕು ಅಂತಾರಲ್ಲ?

ಕೋರ್ಟ್ ಮೆಟ್ಟಿಲು, ವಿರಾಜಪೇಟೆ

ಹೌದು. ತೀರ್ಪಿನ ಮೊತ್ತವನ್ನು ಕಮಿಷನರ್ ಬಳಿ ಠೇವಣಿ ಇಟ್ಟ ಸರ್ಟಿಫಿಕೇಟ್ ಅಪೀಲಿನ ಜೊತೆ ಇರಬೇಕು. ಇನ್ಶೂರೆನ್ಸ್ ಇದ್ದರೆ ಅವರು ಕಟ್ಟುತ್ತಾರೆ. ಆದರೆ ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ದಕ್ಕೆ ಶೇ. 50ರವರೆಗೆ ದಂಡ ಹಾಕಬಹುದು. ಆ ದಂಡ ಸಾಮಾನ್ಯವಾಗಿ ಮಾಲೀಕನ ತಲೆಗೇ ಬರುತ್ತದೆ. ಅಪಘಾತ ಆದ ಕೂಡಲೇ ಇನ್ಶೂರೆನ್ಸ್‌ಗೆ ತಿಳಿಸಿ. ನೋಟಿಸ್ ಬಂದ ಮೂರು ದಿನದೊಳಗೆ ಕೆಲಸಗಾರನಿಗೆ ಉಚಿತ ವೈದ್ಯಕೀಯ ಪರೀಕ್ಷೆ ಮಾಡಿಸುತ್ತೇನೆ ಅಂತ ಹೇಳುವ ಅವಕಾಶ ಹಳೆ ಕಾಯ್ದೆಯ ಸೆಕ್ಷನ್ 11ರಲ್ಲಿ ನಿಮಗೇ ಇದೆ. ಬಳಸುವವರನ್ನು ನಾನು ಕಂಡಿಲ್ಲ. ಕೆಲಸಗಾರರೂ ಅದಕ್ಕೆ ಸುಮ್ಮನೆ ಒಲ್ಲೆ ಅನ್ನಬಾರದು. ಒಲ್ಲೆ ಅಂದರೆ ಪರಿಹಾರದ ಹಕ್ಕು ಅಷ್ಟು ಕಾಲ ಅಮಾನತಿನಲ್ಲಿ ಇರುತ್ತದೆ.

ಲೈನ್ ಮನೆ, ಅಮ್ಮತ್ತಿ

ಮಧ್ಯೆ ಬಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆನೆ ಅಟ್ಟಿಸಿಕೊಂಡು ಬಂದು ಬಿದ್ದು ಕಾಲು ಮುರಿದರೆ ಇದೇ ಕಾನೂನಾ?

ಚೆಕ್‌ರೋಲ್ ರೈಟರ್, ಪಾಲಿಬೆಟ್ಟ

ಕೆಲಸದ ಹೊತ್ತಿನಲ್ಲಿ, ಕೆಲಸದ ಜಾಗದಲ್ಲಿ ಆಗಿದ್ದರೆ ಈ ದಾರಿಯೂ ಇದೆ. ಅರಣ್ಯ ಇಲಾಖೆಯ ಪರಿಹಾರ ಬೇರೆ ಅರ್ಜಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಆನೆ ನುಗ್ಗಿದರೆ ಏನೂ ಉಳಿಯುವುದಿಲ್ಲ.

ಕ್ಯೂರಿಂಗ್ ಶಿಫ್ಟ್, ಕುಶಾಲನಗರ

ನನ್ನದು ಸ್ವಲ್ಪ ಬೇರೆ. ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸ. ಸಂಬಳದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಹಣ ಹಿಡಿಯುತ್ತಾರೆ. 2025ರ ಮಳೆಗಾಲದಲ್ಲಿ ಯಂತ್ರಕ್ಕೆ ಬಲಗೈ ಸಿಕ್ಕಿತು. ತೋರುಬೆರಳಿನ ತುದಿಯ ಗೆಣ್ಣು ಹೋಯಿತು. ಮಧ್ಯದ ಬೆರಳು ಉಳಿದಿದೆ, ಆದರೆ ಮಡಚಲು ಬರುವುದಿಲ್ಲ. ಇಎಸ್‌ಐ ಮೆಡಿಕಲ್ ಬೋರ್ಡ್ ಶೇ. 9 ಅಂತ ಬರೆದಿದೆ. ಪತ್ರ ಕೈಗೆ ಬಂದು ಒಂದು ತಿಂಗಳ ಮೇಲಾಯಿತು. ನಾನೂ ಕಮಿಷನರ್ ಹತ್ತಿರ ಹೋಗಬಹುದಾ? ತಿಂಗಳಿಗೆ ಬರುವ ಸಣ್ಣ ಮೊತ್ತದ ಬದಲು ಒಟ್ಟಿಗೆ ತೆಗೆದುಕೋ ಅಂತ ಆಫೀಸಿನಲ್ಲಿ ಒಬ್ಬರು ಫಾರಂ ಕೊಟ್ಟಿದ್ದಾರೆ.

ಕೋರ್ಟ್ ಮೆಟ್ಟಿಲು, ವಿರಾಜಪೇಟೆ

ಆ ಫಾರಂಗೆ ಸಹಿ ಹಾಕಬೇಡಿ. ಮೊದಲು ಇದನ್ನು ಪೂರ್ತಿ ಓದಿ.

ಇಎಸ್‌ಐ ಇರುವವರಿಗೆ ಕಮಿಷನರ್ ದಾರಿ ಇಲ್ಲ. ನಿಮ್ಮ ಅಪಘಾತವೂ ಹೊಸ ಸಂಹಿತೆ ಬರುವ ಮೊದಲೇ ಆದದ್ದು, ಹಾಗಾಗಿ 1948ರ ಇಎಸ್‌ಐ ಕಾಯ್ದೆಯೇ ಆಧಾರ. ಅದರ ಸೆಕ್ಷನ್ 53 ಆ ದಾರಿಯನ್ನು ಮುಚ್ಚಿದೆ. ಇಲ್ಲಿ ಬೋರ್ಡ್‌ನ ಸ್ಥಾನವೂ ಬೇರೆ. ಮೇಲಿನ ಕೇಸಿನಲ್ಲಿ ಬೋರ್ಡ್ ಕಾಗದ ಬರೀ ಸಾಕ್ಷ್ಯ. ನಿಮ್ಮ ಕೇಸಿನಲ್ಲಿ ಅದು ತೀರ್ಮಾನ. ಸುಮ್ಮನಿದ್ದರೆ ಅದೇ ನಿಲ್ಲುತ್ತದೆ. ಆದರೆ ಸೆಕ್ಷನ್ 54ಎ ಅಪೀಲಿನ ಹಕ್ಕು ಕೊಟ್ಟಿದೆ. ಮೆಡಿಕಲ್ ಅಪೀಲು ನ್ಯಾಯಮಂಡಳಿಗೆ ಹೋಗಿ, ಅಲ್ಲಿಂದ ಇಎಸ್‌ಐ ಕೋರ್ಟ್‌ಗೆ ಹೋಗಬಹುದು. ಇಲ್ಲ ನೇರವಾಗಿ ಇಎಸ್‌ಐ ಕೋರ್ಟ್‌ಗೇ ಹೋಗಬಹುದು. ಬೋರ್ಡ್ ತೀರ್ಮಾನ ತಿಳಿಸಿದ ದಿನದಿಂದ ಮೂರು ತಿಂಗಳ ಗಡುವು. ನೇರವಾಗಿ ಅಪೀಲು ಹಾಕಿದರೆ ಕೋರ್ಟ್ ಎಲ್ಲ ಪ್ರಶ್ನೆಗಳನ್ನೂ ತಾನೇ ತೀರ್ಮಾನಿಸಬಹುದು. ಅದಾದ ಮೇಲೆ ಹೈಕೋರ್ಟ್, ಸೆಕ್ಷನ್ 82, ಮತ್ತೆ ಕಾನೂನಿನ ಮಹತ್ವದ ಪ್ರಶ್ನೆ ಮಾತ್ರ, 60 ದಿನ. ಅಪೀಲಿನ ದಾರಿ ಬಿಟ್ಟು ನೇರವಾಗಿ ರಿಟ್ ಅರ್ಜಿ ಹಾಕಿದರೆ, ಇರುವ ದಾರಿಯಲ್ಲಿ ಹೋಗಿ ಅಂತ ವಾಪಸ್ ಕಳಿಸುವುದೇ ಜಾಸ್ತಿ.

ಈಗ ಫಾರಂ ವಿಷಯ. ಬೋರ್ಡ್ ಹೇಳಿದ ಶೇಕಡಾವಾರಿನ ಮೇಲೆ ಒಟ್ಟಿಗೆ ಹಣ ಕೇಳಿ, ಅದನ್ನು ಪಡೆದುಬಿಟ್ಟರೆ ಅಪೀಲು ನಡೆಯುವುದಿಲ್ಲ. 54ಎಯಲ್ಲೇ ಹಾಗೆ ಬರೆದಿದೆ. ಫಾರಂ ಕೊಟ್ಟವರು ಕೆಟ್ಟ ಮನಸ್ಸಿನಿಂದ ಕೊಟ್ಟರು ಅಂತಲ್ಲ. ಅವರಿಗೂ ಗೊತ್ತಿರದೆ ಇರಬಹುದು.

ನಿಮ್ಮ ಹತ್ತಿರ ಗಟ್ಟಿ ಕಾರಣ ಇದೆ. ತೋರುಬೆರಳಿನ ಒಂದು ಗೆಣ್ಣಿಗೆ ಪಟ್ಟಿಯಲ್ಲಿ ಇರುವುದೇ 9. ಅಂದರೆ ಬೋರ್ಡ್ ಪಟ್ಟಿ ನೋಡಿ ಒಂದು ಬೆರಳಿಗೆ ಬರೆದು ಮುಗಿಸಿದೆ. ಮಧ್ಯದ ಬೆರಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ಎಷ್ಟು ಅನ್ನುವುದರಲ್ಲಿ ಡಾಕ್ಟರಿಗೂ ಡಾಕ್ಟರಿಗೂ ಭಿನ್ನಾಭಿಪ್ರಾಯ ಇರಬಹುದು. ಒಂದು ಗಾಯವನ್ನು ನೋಡದೇ ಬಿಟ್ಟದ್ದು ಭಿನ್ನಾಭಿಪ್ರಾಯ ಅಲ್ಲ. ಕೋರ್ಟ್‌ಗೆ ಇದು ಬೇಗ ಅರ್ಥವಾಗುತ್ತದೆ.

ಪೊನ್ನಂಪೇಟೆಯಿಂದ ಮೆಲ್ಬರ್ನ್‌ಗೆ

ಓದುತ್ತಾ ಇಲ್ಲಿಯದು ನೆನಪಾಯಿತು. ನಾನು ವಿಕ್ಟೋರಿಯಾ ರಾಜ್ಯದಲ್ಲಿ ಕಾರ್ಮಿಕರ ಕ್ಲೇಮ್‌ಗಳ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಮೆಡಿಕಲ್ ಪ್ಯಾನೆಲ್ ಅಂತ ಇದೆ. ವೈದ್ಯಕೀಯ ಪ್ರಶ್ನೆಯನ್ನು ಅದಕ್ಕೆ ಕಳಿಸಿದರೆ ಅದರ ಉತ್ತರ ಎಲ್ಲರನ್ನೂ ಕಟ್ಟಿಹಾಕುತ್ತದೆ, ಕೋರ್ಟನ್ನೂ ಸೇರಿಸಿ. ಅಪೀಲು ಇಲ್ಲ. ಇರುವುದು ಒಂದೇ ದಾರಿ, ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಿಕ ಪರಿಶೀಲನೆ, ಅದೂ 60 ದಿನದಲ್ಲಿ. ಅಲ್ಲಿ ಜಡ್ಜ್ ಶೇಕಡಾ ಬದಲಿಸುವುದಿಲ್ಲ. ಕಾನೂನಿನ ತಪ್ಪು ಕಂಡರೆ ಅಭಿಪ್ರಾಯವನ್ನು ರದ್ದು ಮಾಡಿ ಮತ್ತೆ ಪ್ಯಾನೆಲ್‌ಗೆ ಕಳಿಸುತ್ತಾರೆ.

ಹಾಗಾಗಿ ಇಲ್ಲಿ ಇಡೀ ಜಗಳ ನಡೆಯುವುದು ಪ್ಯಾನೆಲ್ ಕೊಟ್ಟ ಕಾರಣಗಳ ಮೇಲೆ. 2013ರಲ್ಲಿ ವಿಂಗ್‌ಫುಟ್ ವಿರುದ್ಧ ಕೊಚಾಕ್ ಅನ್ನುವ ಕೇಸಿನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ದೇಶದ ಕೊನೆಯ ಕೋರ್ಟು, ಒಂದು ಗೆರೆ ಹಾಕಿತು. ಪ್ಯಾನೆಲ್ ತಾನು ನಿಜವಾಗಿ ಯಾವ ದಾರಿಯಲ್ಲಿ ಯೋಚಿಸಿ ಆ ಅಭಿಪ್ರಾಯಕ್ಕೆ ಬಂತು ಅಂತ ಬರೆಯಬೇಕು. ತಪ್ಪು ಇದೆಯೋ ಇಲ್ಲವೋ ಅಂತ ಕೋರ್ಟ್ ನೋಡುವಷ್ಟು ವಿವರ ಇರಬೇಕು. ಆದರೆ ಜಡ್ಜ್ ಬರೆದ ಹಾಗೆ ಉದ್ದ ಬರೆಯಬೇಕಿಲ್ಲ. ಬೇರೆ ಡಾಕ್ಟರ ಮಾತು ಯಾಕೆ ಒಪ್ಪಲಿಲ್ಲ ಅಂತಲೂ ಹೇಳಬೇಕಿಲ್ಲ.

ಆ ಕೊನೆಯ ಮಾತು ಕಾರ್ಮಿಕರಿಗೆ ಕಷ್ಟವೇ. ಆದರೂ ನಿಮ್ಮ ಬೋರ್ಡ್‌ನ ಒಂದು ಸಾಲು ಇಲ್ಲಿ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ಮೂಳೆ ವಿಭಾಗ, ಮಡಿಕೇರಿ

ಹೊರಗೆ ಸಾಲು ನಿಂತಿರುತ್ತದೆ. ಒಬ್ಬೊಬ್ಬರಿಗೂ ಒಂದು ಪುಟ ಬರೆಯಲು ನಮಗೆ ಸಮಯ ಎಲ್ಲಿದೆ? ಆದರೆ ನಾಲ್ಕು ಸಾಲು ಬರೆಯಬಹುದು. ಏನು ಪರೀಕ್ಷೆ ಮಾಡಿದೆವು, ಯಾವ ಕೀಲು ಎಷ್ಟು ಡಿಗ್ರಿ, ಯಾವ ಎಕ್ಸ್‌ರೇ ನೋಡಿದೆವು, ಯಾವ ಮಾರ್ಗಸೂಚಿ. ಅದಕ್ಕೆ ಐದು ನಿಮಿಷ ಸಾಕು. ಕಮಿಷನರ್ ಕಳಿಸುವ ಪತ್ರದಲ್ಲಿ ‘ಇವರು ಮರ ಹತ್ತಿ ಮೆಣಸು ಕುಯ್ಯುವವರು, ಆ ಕೆಲಸಕ್ಕೆ ಎಷ್ಟು ತೊಂದರೆ’ ಅಂತ ಪ್ರಶ್ನೆಯನ್ನೇ ಬಿಡಿಸಿ ಕೇಳಿದರೆ ನಾವೂ ಅದಕ್ಕೆ ತಕ್ಕ ಉತ್ತರ ಬರೆಯುತ್ತೇವೆ.

ಚೆಕ್‌ರೋಲ್ ರೈಟರ್, ಪಾಲಿಬೆಟ್ಟ

ಭಾವನಿಗೆ ಅದೇ ತೋಟದಲ್ಲಿ ಹಗುರ ಕೆಲಸ ಕೊಟ್ಟಿದ್ದಾರಾ? ನರ್ಸರಿ ಬುಟ್ಟಿ ತುಂಬುವುದು, ಕಣ ಕಾಯುವುದು, ಹೀಗೆ? ಇನ್ಶೂರೆನ್ಸ್‌ನವರು ಅದನ್ನೇ ಹಿಡಿದು ಗಳಿಕೆ ಹೋಗಿಲ್ಲ ಅನ್ನುತ್ತಾರೆ.

ಮೆಣಸುಬಳ್ಳಿ, ಸಿದ್ದಾಪುರ

ಮೂರು ತಿಂಗಳು ಕಣದಲ್ಲಿ ಇಟ್ಟುಕೊಂಡರು. ಕಾಫಿ ಒಣಗಿ ಮುಗಿದ ಮೇಲೆ ಕೆಲಸ ಇಲ್ಲ ಅಂದರು.

ಕೋರ್ಟ್ ಮೆಟ್ಟಿಲು, ವಿರಾಜಪೇಟೆ

ಅದನ್ನೂ ಸಾಕ್ಷ್ಯದಲ್ಲಿ ಹೇಳಿಸಿ. ಚೆಕ್‌ರೋಲ್ ತರಿಸಲು ಅರ್ಜಿ ಹಾಕಿ. ಹಾಜರಿ ಯಾವ ತಿಂಗಳಿಂದ ನಿಂತಿತು ಅಂತ ಅದೇ ಹೇಳುತ್ತದೆ.

ವಾದಕ್ಕೆ ಎರಡು ತೀರ್ಪು ನಿಮ್ಮ ವಕೀಲರ ಕೈಗೆ ಕೊಡಿ. ಒಂದು, ಪ್ರತಾಪ್ ನಾರಾಯಣ್ ಸಿಂಗ್ ದೇವ್ ಕೇಸು. ಬಡಗಿಯ ಎಡಗೈ ಮೊಣಕೈ ಮೇಲೆ ಕತ್ತರಿಸಬೇಕಾಯಿತು. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ನಷ್ಟ ಪೂರ್ತಿ ಅಂತ ಸುಪ್ರೀಂ ಕೋರ್ಟ್‌ನ ನಾಲ್ವರು ನ್ಯಾಯಮೂರ್ತಿಗಳ ಪೀಠ ಒಪ್ಪಿತು. ಇನ್ನೊಂದು, 2008ರ ಕೆ. ಜನಾರ್ಧನ್ ಕೇಸು. ಟ್ಯಾಂಕರ್ ಡ್ರೈವರ್, ಬಲಗಾಲು ಹೋಯಿತು. ಕಮಿಷನರ್ ಶೇ. 100 ಕೊಟ್ಟರು. ಹೈಕೋರ್ಟ್ 65ಕ್ಕೆ ಇಳಿಸಿತು. ಸುಪ್ರೀಂ ಕೋರ್ಟ್ ಮತ್ತೆ 100 ಮಾಡಿತು. ನಿಮ್ಮ ಭಾವನದು ಅಷ್ಟು ದೊಡ್ಡ ಗಾಯ ಅಲ್ಲ, ಶೇ. 100 ಕೇಳಬೇಡಿ. ಚಿಕಿತ್ಸೆ ಮಾಡಿದ ಡಾಕ್ಟರು ಹೇಳಿದ 40ಕ್ಕೆ ಗಟ್ಟಿಯಾಗಿ ನಿಲ್ಲಿ.

ಹತ್ತು ಎಕರೆ, ಸೋಮವಾರಪೇಟೆ

ಅಲ್ಲೇ ಕೂತು ಮಾತಾಡಿ ರಾಜಿ ಮಾಡಿಕೊಂಡರೆ ಎಲ್ಲರಿಗೂ ಸುಲಭ ಅಲ್ವಾ?

ಕೋರ್ಟ್ ಮೆಟ್ಟಿಲು, ವಿರಾಜಪೇಟೆ

ಮಾಡಿಕೊಳ್ಳಬಹುದು, ಆದರೆ ಒಪ್ಪಂದವನ್ನು ಕಮಿಷನರ್ ಬಳಿ ನೋಂದಾಯಿಸಬೇಕು. ಛಾಪಾ ಕಾಗದದ ಮೇಲೆ ‘ಇನ್ನೇನೂ ಕೇಳುವುದಿಲ್ಲ’ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸೆಕ್ಷನ್ 17ರ ಮುಂದೆ ಅದು ನಿಲ್ಲುವುದಿಲ್ಲ. ನಿಮ್ಮ ದುಡ್ಡೂ ಹೋಗುತ್ತದೆ, ಕೇಸೂ ಉಳಿಯುತ್ತದೆ.

ಕ್ಯೂರಿಂಗ್ ಶಿಫ್ಟ್, ಕುಶಾಲನಗರ

ಫಾರಂ ವಾಪಸ್ ಕೊಟ್ಟೆ. ಬೋರ್ಡ್ ಪತ್ರದ ಮೇಲೆ ಒಂದು ತಾರೀಖು ಇದೆ, ಅಂಚೆ ಕವರ್ ಮೇಲೆ ಇನ್ನೊಂದು. ಮೂರು ತಿಂಗಳು ಯಾವುದರಿಂದ ಲೆಕ್ಕ?

ಕೋರ್ಟ್ ಮೆಟ್ಟಿಲು, ವಿರಾಜಪೇಟೆ

ನಿಮಗೆ ತಿಳಿಸಿದ ದಿನದಿಂದ. ಕವರ್ ಎಸೆಯಬೇಡಿ. ಆದರೆ ಸುರಕ್ಷಿತವಾಗಿ ಇರಬೇಕು ಅಂದರೆ ಪತ್ರದ ತಾರೀಖಿನಿಂದಲೇ ಎಣಿಸಿ, ಅದರೊಳಗೆ ಅಪೀಲು ಹಾಕಿಬಿಡಿ.